ಹಚ್ಚೆ ಕೈಯ ನೀರು

ಅಮಾವಾಸ್ಯೆ ಕಳೆದ ಸೋಮವಾರ ಹುಚ್ಚಕ್ಕ ಹಟ್ಟಿಗೆ ಬರುತ್ತಾಳಂತೆ ಎಂಬ ಸುದ್ದಿ ಕರಿಯಕ್ಕನಿಗೆ ಸಿಕ್ಕಿದ್ದು ಬಾವಿಯ ಹತ್ತಿರ. ಕೊಡ ಆಗಷ್ಟೇ ತುಂಬಿತ್ತು. ಸೊಂಟಕ್ಕೆ ಏರಿಸಿಕೊಳ್ಳಲು ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟಳು. ಏನಾಯಿತೆಂದು ಪಕ್ಕದವರು ಕೇಳಿದ್ದಕ್ಕೆ, ಸೊಂಟ ಹಿಡಿದುಕೊಂಡಿತು ಅಂದಳು. ಸುಳ್ಳು. ಹಿಡಿದುಕೊಂಡಿದ್ದು ಹೆದರಿಕೆ.

ಹುಚ್ಚಕ್ಕ ಹಚ್ಚೆ ಹಾಕುವವಳು. ಹುಳಿಯಾರು, ತಿಪಟೂರು ಸಂತೆಗಳಲ್ಲಿ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದಳು. ಮದುವೆ ಗೊತ್ತಾದ ಹುಡುಗಿಯಿದ್ದ ಮನೆಯವರು ಹೇಳಿ ಕಳಿಸಿದರೆ ತಾನೇ ನಡೆದು ಬರುತ್ತಿದ್ದಳು. ಬಾಯಿ ತುಂಬ ಎಲೆಅಡಿಕೆ, ಮಡಿಲಲ್ಲಿ ದಾರ ಸುತ್ತಿದ ಸೂಜಿಗಳು. ಹಟ್ಟಿಯ ಹೆಂಗಸರಿಗೆ ಅವಳು ಬಂದರೆ ನೆಂಟರು ಬಂದಷ್ಟು ಖುಷಿ. ಕರಿಯಕ್ಕನಿಗೆ ಮಾತ್ರ ಅವಳ ಹೆಸರು ಕೇಳಿದರೆ ಬಾಯಿ ಒಣಗುತ್ತಿತ್ತು.

ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಹುಳಿಯಾರಿನ ಆ ಕಡೆಯ ಎರಡು ಮೂರು ಹಟ್ಟಿಗಳಲ್ಲಿ ಒಂದು ಕಟ್ಟಳೆಯಿತ್ತು. ಮಗನ ಮದುವೆಯ ದಿನ ಅತ್ತೆಯಾದವಳು ಮನೆದೇವರ ಕೊಡವನ್ನು ಕೆಳಗಿಡುತ್ತಾಳೆ. ಮಾರನೆಯ ಬೆಳಗಿನಿಂದ ಅದು ಹೊಸ ಕೈಗೆ. ದೇವರಿಗೆ ನೀರು ತರುವ ಆ ಕೈಯಲ್ಲಿ ಹಚ್ಚೆ ಇರಲೇಬೇಕು. ಹಚ್ಚೆ ಇಲ್ಲದ ಕೈಯ ನೀರು ಕುರಿಗಾಗುತ್ತದೆ, ದೇವರಿಗಾಗುವುದಿಲ್ಲ. ಆದ್ದರಿಂದ ಧಾರೆಗೆ ಮುಂಚೆ ಹಚ್ಚೆ. ಹಚ್ಚೆ ಇಲ್ಲವೆಂದರೆ ಧಾರೆಯೂ ಇಲ್ಲ.

ಧಾರೆ ಆಗದೇ ಇದ್ದರೆ ಕರಿಯಕ್ಕ ಬದುಕುವುದು ಹೇಗೆ? ಹುಡುಗ ಚಿತ್ತಣ್ಣ, ಕೆರೆಯ ಆಚೆ ಬದಿಯ ಹಟ್ಟಿಯವನು, ಸೋದರತ್ತೆ ಭೀಮಕ್ಕನ ಮಗ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕಾಯಿ ಸುಲಿಯುತ್ತಿದ್ದ. ಚಿಕ್ಕಂದಿನಲ್ಲಿ ಅವಳ ಜಡೆಗೆ ಕುರಿಮರಿಯನ್ನು ಕಟ್ಟಿ ಓಡಿಹೋಗುತ್ತಿದ್ದ ಅದೇ ಚಿತ್ತಣ್ಣ ಈಗ ರಜೆಗೆ ಬಂದು ಎದುರಿಗೆ ನಿಂತರೆ ಅವಳಿಗೆ ಸೆರಗು ಎಲ್ಲಿದೆ, ಕೈ ಎಲ್ಲಿದೆ ಎಂಬುದೇ ಮರೆತುಹೋಗುತ್ತಿತ್ತು. ನಗುವ ಮುಂಚೆ ಅವನ ಎಡಗಡೆಯ ಹುಬ್ಬು ಒಂದಿಷ್ಟು ಮೇಲೇರುತ್ತಿತ್ತು. ಆ ಹುಬ್ಬು ಏರುವುದನ್ನು ನೋಡಲೆಂದೇ ಅವಳು ಏನಾದರೊಂದು ವಕ್ರಮಾತು ಆಡುತ್ತಿದ್ದಳು.

ಇಂಥವನನ್ನು ಬಿಡಲಾರಳು. ಸೂಜಿಗೆ ಕೈ ಕೊಡಲಾರಳು.

ಅದಕ್ಕೆ ಕಾರಣ ಅಕ್ಕ ಚಿಕ್ಕಗೌರಮ್ಮ. ಕೆಲವು ವರ್ಷದ ಹಿಂದೆ ಇದೇ ಜಗಲಿಯ ಮೇಲೆ ಅಕ್ಕ ಹಚ್ಚೆಗೆ ಕೂತಿದ್ದಳು. ಹಾಕಿದವಳು ಹುಚ್ಚಕ್ಕನಲ್ಲ, ಯಾವಳೋ ದಾರಿಯಲ್ಲಿ ಹೋಗುತ್ತಿದ್ದವಳು. ಅವ್ವ ಇಲ್ಲದ ಮನೆಯಾದ್ದರಿಂದ ಅತ್ತೆ ಭೀಮಕ್ಕನೇ ಬಂದು ಅಕ್ಕನ ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು. ಅಕ್ಕ ಅತ್ತಳು, ನಕ್ಕಳು, ಹಸಿರು ಹೂವು ಮೂಡಿದ ಕೈಯನ್ನು ಊರಿಗೆಲ್ಲ ತೋರಿಸಿದಳು. ಸುಮಾರು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗಿಡಲು ಹೋದಳು. ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡೇ, ಬಾಯಿ ಬುಡಾಕೆ ಆಯ್ತಿಲ್ಲ ಕಣೇ ಕರಿ, ಎಂದು ತೊದಲಿದಳು. ಆಮೇಲೆ ಬೆನ್ನು ಸೆಟೆದುಕೊಂಡಿತು. ಗಾಡಿ ಕಟ್ಟಿ ಆಸ್ಪತ್ರೆಯ ದಾರಿ ಹಿಡಿದರು. ದಾರಿ ಮುಗಿಯುವ ಮೊದಲೇ ಅಕ್ಕ ಮುಗಿದಿದ್ದಳು.

ಹಟ್ಟಿಯವರು ಕಾರಣ ಹುಡುಕಿದರು. ಹಸಿದ ಹೊಟ್ಟೆಯಲ್ಲಿ ಕೂತಿದ್ದು ತಪ್ಪು ಎಂದರು ಕೆಲವರು. ಬದನೆಕಾಯಿ ತಿಂದಳು ಎಂದರು ಇನ್ನು ಕೆಲವರು. ಅವತ್ತು ಸಂಜೆಯೇ ಕುರಿದೊಡ್ಡಿಯ ಗೊಬ್ಬರ ಬಾಚಿದಳಲ್ಲ, ಅದೇ ಎಂದರು ಮತ್ತೊಬ್ಬರು. ಸೂಜಿಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಹೊರಿಸಿದರೆ ಮುಂದಿನ ಹೆಣ್ಣುಮಕ್ಕಳ ಮದುವೆ ಹೇಗೆ ಆಗಬೇಕು?

ಈಗ ಕರಿಯಕ್ಕನ ಸರದಿ ಬಂತೆಂದು ಗೊತ್ತಾದದ್ದೇ ತಡ, ಬುದ್ಧಿ ಹೇಳುವವರು ಒಬ್ಬರ ಹಿಂದೊಬ್ಬರು ಬಂದರು. ಒಬ್ಬಳು ಹೊಟ್ಟೆ ಬಿರಿಯುವಷ್ಟು ಮುದ್ದೆ ಉಂಡು ಕೂರು ಅಂದಳು. ಇನ್ನೊಬ್ಬಳು ಬರೀ ಹಾಲು ಕುಡಿ ಅಂದಳು. ಹುಣಸೆಹುಳಿ ಮುಟ್ಟಬೇಡ, ಬದನೆಕಾಯಿಯನ್ನು ಕಣ್ಣಲ್ಲೂ ನೋಡಬೇಡ, ಹಿಂದಿನ ದಿನ ತಲೆಗೆ ನೀರು ಹಾಕಿಕೊಳ್ಳಬೇಡ, ದಿನಾ ಮೊಣಕೈತನಕ ಹರಳೆಣ್ಣೆ ತಿಕ್ಕು, ಚರ್ಮ ಮೆತ್ತಗಾದರೆ ಸೂಜಿ ತಡವರಿಸುವುದಿಲ್ಲ. ನೋವಾದಾಗ ಗಂಡನಾಗುವವನನ್ನು ನೆನೆಸಿಕೋ ಎಂದಳು ಮೊನ್ನೆ ಮೊನ್ನೆ ಮದುವೆಯಾದವಳು. ಹಳಬಳೊಬ್ಬಳು, ಗಂಡನನ್ನಲ್ಲ, ಅತ್ತೆಯನ್ನು ನೆನೆಸಿಕೋ, ಸಿಟ್ಟಿನಲ್ಲಿ ನೋವು ಗೊತ್ತಾಗಲ್ಲ ಎಂದಳು. ಎಲ್ಲರೂ ನಕ್ಕರು. ಕರಿಯಕ್ಕನೂ ಹಲ್ಲು ಕಾಣಿಸಿದಳು. ಬಾಯಿ ಇನ್ನೂ ತೆರೆಯುತ್ತಿದೆಯಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದಳು.

ಸುದ್ದಿ ಬಂದ ಎರಡನೆಯ ದಿನ ಅತ್ತೆ ಬಂದಳು. ಹಚ್ಚೆಯ ಮಸಿ ತಾನೇ ಮಾಡಬೇಕು, ಕಂಡವರ ಮಸಿ ಬೇಡ ಎಂಬುದು ಅವಳ ಹಟ. ಹೊಸ ಹಣತೆಗೆ ಹರಳೆಣ್ಣೆ ಹಾಕಿ ಹಚ್ಚಿದಳು, ಮೇಲೆ ತಂಬಿಗೆ ಮಗುಚಿಟ್ಟಳು. ತಂಬಿಗೆಯನ್ನು ಅದಕ್ಕೂ ಮುಂಚೆ ಬೂದಿ ಹಾಕಿ ತಿಕ್ಕಿದ್ದಳು. ಸಾಲದೆಂದು ಮತ್ತೊಮ್ಮೆಯೂ ತಿಕ್ಕಿದ್ದಳು. ಅತ್ತೆಯ ಮುಖ ಗಂಟಿಕ್ಕಿಕೊಂಡೇ ಇತ್ತು. ತನ್ನ ಮೇಲಿನ ಸಿಟ್ಟು ಎಂದುಕೊಂಡಳು ಕರಿಯಕ್ಕ. ತಂಬಿಗೆಯ ಒಳಗೆ ಕರಿ ಕಟ್ಟುವುದನ್ನು ನೋಡುತ್ತಾ ಕೂತಿದ್ದವಳು ಎದ್ದು ಹೊರಗೆ ಹೋದಳು.

ಆ ವಾರ ಮಂಡಿಗೆ ರಜೆ ಬಿದ್ದ ದಿನ ಚಿತ್ತಣ್ಣ ಬಂದ. ಅಪ್ಪ ಕ್ಯಾತಣ್ಣ ಆಗ ಕುರಿಮಂದೆಯನ್ನು ಒಂದು ತೆಂಗಿನ ತೋಟದಲ್ಲಿ ತರುಬಿದ್ದ. ಗೊಬ್ಬರಕ್ಕೆಂದು ತೋಟದವರೇ ಕರೆದಿದ್ದರು. ಅಪ್ಪ ಊಟಕ್ಕೆ ಹೋದಾಗ ಕರಿಯಕ್ಕ ಮಂದೆಯ ಪಕ್ಕ ಕೂತಿದ್ದಳು. ತೆಂಗಿನ ಗರಿಗಳ ನೆರಳು ಅವಳ ಮೈಮೇಲೆ ಅತ್ತಿತ್ತ ಆಡುತ್ತಿತ್ತು.

"ಏನೇ, ಮದ್ವೆ ಹೆಣ್ಣು ಕುರಿ ಜೊತೇಲಿ ಕುಂತಿದೀಯ?"

"ಕುರಿಗೆ ಹಚ್ಚೆ ಹಾಕ್ಸಲ್ವಲ್ಲ ಬಾವ. ಅದ್ಕೇ ಇವುಗಳ ಕಡೆ ಸೇರ್ಕಂಡಿದೀನಿ."

ಹುಬ್ಬು ಮೇಲೇರಿತು. ಅವನು ಪಕ್ಕದಲ್ಲಿ ಕೂತು, ಬಿದ್ದಿದ್ದ ಗರಿಯಿಂದ ಒಂದು ಕಡ್ಡಿ ಸೀಳಿದ. ಅವಳ ಮುಂಗೈ ಹತ್ತಿರ ತಂದು, ಯಾವ ಚಿತ್ರ ಹಾಕಲಿ ಎಂದು ಕೇಳುತ್ತಾ ಮೆಲ್ಲಗೆ ಒಂದು ಗೆರೆ ಎಳೆದ. ಬರೀ ತಮಾಷೆಗೆ. ಮುಟ್ಟಿದನೆಂದರೆ ಮುಟ್ಟಿದ, ಇಲ್ಲವೆಂದರೆ ಇಲ್ಲ, ಅಷ್ಟು ಹಗುರಾಗಿ. ಕರಿಯಕ್ಕ ಕೆಂಡ ತಗುಲಿದವಳ ಹಾಗೆ ಕೈ ಎಳೆದುಕೊಂಡಳು. ಬೆವರು ಹಣೆಯಿಂದ ಇಳಿಯಿತು. ಅವನ ಕೈಯ ಕಡ್ಡಿ ಕೆಳಗೆ ಬಿತ್ತು.

"ನಾನು ಅಕ್ಕನಂಗೆ ಹೋಗ್ಬುಟ್ರೆ, ಬಾವ?"

ಅವನು ಅವಳ ಮುಂಗೈ ನೋಡಿದ. ಆಮೇಲೆ ವಿಚಿತ್ರ ಪ್ರಶ್ನೆಗಳನ್ನು ಕೇಳತೊಡಗಿದ. ಗೌರಕ್ಕ ಅವತ್ತು ಏನು ತಿಂದಿದ್ದಳು, ಹಚ್ಚೆ ಹಾಕಿಸಿಕೊಂಡ ಮೇಲೆ ಎಲ್ಲೆಲ್ಲಿ ಹೋದಳು, ದೊಡ್ಡಿ ಬಾಚಿದ್ದು ಆ ಕೈಯಲ್ಲೇನಾ, ಗಾಯಕ್ಕೆ ಏನು ಹಚ್ಚಿದರು. ಅವಳು ಹೇಳುತ್ತಾ ಹೋದಳು. ಕೇಳಿ ಮುಗಿದದ್ದೇ ಎದ್ದು ಹೊರಟ. ಅವ್ವನ ಹತ್ತಿರ ಕೆಲಸವಿದೆ ಎಂದ. ಯಾವಾಗಲೂ ತೋಟದ ಬೇಲಿ ದಾಟುವಾಗ ತಿರುಗಿ ನೋಡುತ್ತಿದ್ದವನು ಅವತ್ತು ನೋಡಲಿಲ್ಲ. ಹೆದರುಪುಕ್ಕಲಿಯನ್ನು ಕಟ್ಟಿಕೊಳ್ಳಲು ಅವನಿಗೂ ಬೇಸರ ಬಂದಿರಬೇಕು ಎಂದುಕೊಂಡು ಕರಿಯಕ್ಕ ಕುರಿಗಳ ಮುಂದೆಯೇ ಅತ್ತಳು.

ಮುಂದಿನ ರಜೆಗೆ ಬಂದಾಗ ಅವನು ತುಂಬುತೋಳಿನ ಷರಟು ತೊಟ್ಟಿದ್ದ. ಮಣಿಕಟ್ಟಿನ ಗುಂಡಿಯನ್ನೂ ಹಾಕಿದ್ದ. ಕಾಗೆಗಳೂ ಬಾಯಿ ತೆರೆದು ಕೂತಿದ್ದ ಬೇಸಿಗೆ ಅದು. ಯಾಕೆಂದು ಕೇಳಿದರೆ, ಪೇಟೆಯ ಷೋಕಿ ಎಂದ. ಮಜ್ಜಿಗೆಯ ಲೋಟವನ್ನು ಬಲಗೈಯಲ್ಲಿ ತೆಗೆದುಕೊಂಡ. ಎಡಗೈಯನ್ನು ಪೂರ್ತಿ ಹೊತ್ತು ಮಡಿಲಲ್ಲಿ ಇಟ್ಟುಕೊಂಡೇ ಇದ್ದ. ಕರಿಯಕ್ಕ ಬೇಕೆಂದೇ ಹತ್ತಿರ ಕೂತರೆ ಸರಿದು ಕೂತ. ಮಜ್ಜಿಗೆಗೆ ಉಪ್ಪು ಕಮ್ಮಿ ಎನ್ನುವ ಹಳೆಯ ಜಗಳವನ್ನೂ ತೆಗೆಯಲಿಲ್ಲ.

ಕಾರಣ ಎರಡು ದಿನದಲ್ಲಿ ತಾನಾಗಿ ಬಂತು. ತಿಪಟೂರು ಸಂತೆಗೆ ಹೋಗಿದ್ದ ಹೆಂಗಸೊಬ್ಬಳು ಹುಚ್ಚಕ್ಕನ ಗೋಣಿಚೀಲದ ಮೇಲೆ ಚಿತ್ತಣ್ಣ ಎಡಗೈ ಚಾಚಿ ಕೂತಿದ್ದನ್ನು ಕಣ್ಣಾರೆ ನೋಡಿದ್ದಳು. ಪೇಟೆಯ ಹುಡುಗರು ಮನಸ್ಸು ಕೊಟ್ಟ ಹುಡುಗಿಯ ಹೆಸರು ಹಾಕಿಸಿಕೊಳ್ಳುತ್ತಾರಂತೆ ಎಂದು ಬಾವಿಯ ಹತ್ತಿರ ಮಾತು ಹುಟ್ಟಿತು. ಕರಿಯಕ್ಕನ ಹೆಸರಾಗಿದ್ದರೆ ಮುಚ್ಚಿಕೊಂಡು ಯಾಕೆ ಓಡಾಡುತ್ತಾನೆ ಎಂದು ಯಾರೋ ಕೇಳಿದರು.

ಅಲ್ಲಿಂದ ಆಚೆಗೆ ಕರಿಯಕ್ಕನಿಗೆ ಎರಡು ಹೆದರಿಕೆ. ಸೂಜಿಯದು ಗೊತ್ತಿದ್ದ ಹೆದರಿಕೆ. ಇದು ಹೊಸದು, ಹೆಚ್ಚು ನೋಯುವಂಥದು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಆದರೂ ಕೈಗೆ ದಿನವೂ ಹರಳೆಣ್ಣೆ ತಿಕ್ಕಿದಳು. ಯಾರಿಗಾಗಿ ತಿಕ್ಕುತ್ತಿದ್ದೇನೆ ಎಂದು ಕೇಳಿಕೊಂಡು, ಮತ್ತೆ ತಿಕ್ಕಿದಳು.

ಹುಚ್ಚಕ್ಕ ಬರುವ ಹಿಂದಿನ ದಿನ ಅವನು ತೋಟಕ್ಕೆ ಬಂದ. ಅದೇ ಷರಟು. ಅವಳು ಕಾಯುತ್ತಲೇ ಇದ್ದಳು.

"ಬಾವ, ಎಡಗೈ ತೋರ್ಸು."

"ಅದ್ಕೇ ಬಂದಿದೀನಿ ಕಣೇ."

ಗುಂಡಿ ಬಿಚ್ಚಿದ. ತೋಳು ಮಡಿಸಿದ. ಕರಿಯಕ್ಕ ಹೆಸರನ್ನು ಹುಡುಕಿದಳು. ಹೆಸರಿರಲಿಲ್ಲ. ಕಾಯಿ ಸುಲಿದು ಸುಲಿದು ಗಟ್ಟಿಯಾದ ಆ ಗಂಡುಗೈಯ ಮೇಲೆ ಒಂದು ತೊಟ್ಟಿಲು. ತೊಟ್ಟಿಲಿನ ಸುತ್ತ ಚುಕ್ಕಿ, ಕೆಳಗೆ ಹೂಬಳ್ಳಿ. ಮದುವೆ ಹೆಣ್ಣಿಗೆ ಹಾಕುವ ಹಚ್ಚೆ. ಹುಚ್ಚಕ್ಕನಿಗೆ ಬರುತ್ತಿದ್ದುದೇ ಅದೊಂದು. ಹಕ್ಕಳೆ ಉದುರಿ ಹಸಿರು ತಿಳಿಯಾಗಿ ಕಾಣುತ್ತಿತ್ತು.

ಅವನು ನೆಲ ನೋಡುತ್ತಾ ಹೇಳಿದ. ಅವ್ವ ಮಾಡಿದ್ದ ಮಸಿಯಲ್ಲೇ ಒಂದು ಚಿಟಿಕೆ ಕದ್ದಿದ್ದ. ಹುಚ್ಚಕ್ಕನ ಇದೇ ಸೂಜಿ. ಹಸಿದ ಹೊಟ್ಟೆಯಲ್ಲಿ ಕೂತಿದ್ದ. ಮಧ್ಯಾಹ್ನ ಬದನೆಕಾಯಿ ಪಲ್ಯ ತಿಂದಿದ್ದ. ಸಂಜೆ ಬಸ್ಸು ಹತ್ತಿ ಊರಿಗೆ ಬಂದು ಆ ಕೈಯಲ್ಲೇ ದೊಡ್ಡಿ ಬಾಚಿದ್ದ. ಗೌರಕ್ಕ ಮಾಡಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದ್ದ. ಮಂಡಿಯ ಹತ್ತಿರದ ಕಾಂಪೌಂಡರ್ ಒಬ್ಬರು ಇದಕ್ಕೆ ಧನುರ್ವಾಯು ಅಂತಾರೆ, ಬರೋದಾದರೆ ಎರಡು ಮೂರು ವಾರದೊಳಗೆ ಬರುತ್ತೆ, ಮೊದಲೇ ಇಂಜೆಕ್ಷನ್ ತಗೊಂಡರೆ ಭಯವಿಲ್ಲ ಎಂದಿದ್ದರು. ಇವನು ಇಂಜೆಕ್ಷನ್ ತೆಗೆದುಕೊಂಡಿರಲಿಲ್ಲ. ತೆಗೆದುಕೊಂಡರೆ ಗೊತ್ತಾಗುವುದು ಹೇಗೆ?

"ಹುಣ್ಣಿಮೆ ಹೋಯ್ತು, ಅಮಾಸೆ ಹೋಯ್ತು. ನೋಡು, ಬಾಯಿ ಚೆಂದಾಗೇ ಬುಡ್ತೀನಿ," ಎಂದು ಬಾಯಿ ಅಗಲಿಸಿ ತೋರಿಸಿದ.

ಕರಿಯಕ್ಕ ತೆಂಗಿನ ಬುಡಕ್ಕೆ ಒರಗಿ ಕೂತಳು. ಈತನಕ ತಾನು ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲ ಎನ್ನಿಸಿತು. ದಾರಿ ಮುಗಿಯದ ಆ ಗಾಡಿ ಕಣ್ಣಿಗೆ ಬಂತು, ಅದರಲ್ಲಿ ಅಕ್ಕನ ಬದಲು ಇವನು ಮಲಗಿದ್ದ.

"ನೀನು ಸತ್ತೋಗಿದ್ರೆ?"

"ಸತ್ತೋಗಿದ್ರೆ ನಿಂಗೆ ಹಚ್ಚೆ ಹಾಕಿಸ್ಕಳೋ ಕೆಲ್ಸನೇ ಇರ್ತಿರ್ಲಿಲ್ವಲ್ಲ ಕಣೇ."

ಹುಬ್ಬು ಮೇಲೇರಿತ್ತು. ಕರಿಯಕ್ಕ ಅವನ ಎದೆಗೆ ಗುದ್ದಿದಳು. ಗುದ್ದುತ್ತಲೇ ಅತ್ತಳು. ಗುದ್ದಿದ ಕೈಯನ್ನು ಅವನು ಹಿಡಿದುಕೊಂಡ, ಬಿಡಲಿಲ್ಲ. ಎರಡು ಮೂರು ವಾರ ಅಂದರೆ ಇನ್ನೂ ಮುಗಿದಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅಳು ನಿಂತಿತು. ಮಂದೆಯನ್ನು ಅಪ್ಪನಿಗೆ ಒಪ್ಪಿಸಿ, ಅವನನ್ನು ದರದರ ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಿದಳು. ಚಿಕ್ಕನಾಯಕನಹಳ್ಳಿ ಆಸ್ಪತ್ರೆಯಲ್ಲಿ ಅವನ ರಟ್ಟೆಗೆ ಇಂಜೆಕ್ಷನ್ ಕೊಡುವಾಗ ಇವಳು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದಳು. ನಿನಗೂ ಒಂದು ಕೊಡಲಾ ಎಂದು ಅಲ್ಲಿದ್ದವರು ಕೇಳಿದರು. ಬೇಕು ಎಂದವಳು ಸಿರಿಂಜು ನೋಡಿದ್ದೇ ಬೆಂಚಿನ ಕೆಳಗೆ ಬಿದ್ದಿದ್ದಳು. ಎಚ್ಚರ ಬರುವಷ್ಟರಲ್ಲಿ ಅವರು ಕೊಟ್ಟು ಮುಗಿಸಿದ್ದರು.

ಸೋಮವಾರ ಬೆಳಿಗ್ಗೆ ಕರಿಯಕ್ಕ ತಾನೇ ಎದ್ದು ಎಲ್ಲವನ್ನೂ ಮಾಡಿಕೊಂಡಳು. ಮುದ್ದೆ ಉಂಡಳು, ಹಾಲೂ ಕುಡಿದಳು. ಕೈ ತೊಳೆದಳು, ಎಣ್ಣೆ ತಿಕ್ಕಿದಳು. ಅವನೇ ಚುಚ್ಚಿಸಿಕೊಂಡ ಮೇಲೆ ತಾನು ಚುಚ್ಚಿಸಿಕೊಳ್ಳದಿದ್ದರೆ ಹೇಗೆ ಎಂದು ಗಟ್ಟಿ ಮನಸ್ಸು ಮಾಡಿದ್ದಳು. ಜಗಲಿಯ ಮೇಲೆ ಹುಚ್ಚಕ್ಕ ಸೂಜಿಗಳನ್ನು ಬಿಸಿನೀರಿಗೆ ಹಾಕಿ ತೆಗೆದಳು. ಅದನ್ನೂ ಚಿತ್ತಣ್ಣನೇ ಹೇಳಿ ಹೋಗಿದ್ದ. ಅವನು ಅಂಗಳದ ಆಚೆ ಬೇವಿನ ಮರದ ಕೆಳಗೆ ನಿಂತಿದ್ದ. ಹೆಂಗಸರ ಜಾಗಕ್ಕೆ ಗಂಡಸರು ಬರುವಂತಿರಲಿಲ್ಲ.

ಅತ್ತೆ ಭೀಮಕ್ಕ ಕರಿಯಕ್ಕನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು ಮಣಿಕಟ್ಟು ಹಿಡಿದಳು.

ಕೈ ನಡುಗತೊಡಗಿತು. ತನ್ನದೇ ನಡುಕ ಎಂದುಕೊಂಡಳು ಕರಿಯಕ್ಕ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ನಡುಗುತ್ತಿದ್ದುದು ಅತ್ತೆ. ತಲೆಯೆತ್ತಿ ನೋಡಿದರೆ ಅತ್ತೆಯ ತುಟಿ ಬಿಳಿಚಿಕೊಂಡಿತ್ತು. ಮಸಿಯಲ್ಲಿ ಅದ್ದಿದ ಸೂಜಿ ಹತ್ತಿರ ಬಂತು. ಅದರ ತುದಿಯಲ್ಲಿ ನಿಂತ ಕರಿ ಹನಿ ಕಂಡಿತು. ಕರಿಯಕ್ಕ ಕೈ ಕಿತ್ತುಕೊಂಡಳು. ಯಾವಾಗ ಕಿತ್ತುಕೊಂಡಳೋ ಅವಳಿಗೇ ತಿಳಿಯಲಿಲ್ಲ. ಗೋಡೆಗೆ ಒತ್ತಿಕೊಂಡು, ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಿದ್ದಳು.

"ಆಗಲ್ಲ ಅತ್ತೆ. ನನ್ನ ಕೈಯಲ್ಲಿ ಆಗಲ್ಲ."

ಹೆಂಗಸರು ಗುಸುಗುಸು ಶುರು ಮಾಡಿದರು. ಹಾಗಾದರೆ ಧಾರೆ ನಿಂತ ಹಾಗೇ ಎಂದು ಒಬ್ಬಳು ಜೋರಾಗಿಯೇ ಅಂದಳು. ಕರಿಯಕ್ಕನಿಗೆ ಅದು ಕೇಳಿಸಿತು. ಮುಗಿಯಿತು, ಅವನು ಹೋದ ಎಂದುಕೊಂಡಳು. ಬೇವಿನ ಮರದ ಕಡೆ ನೋಡಿದಳು. ಅಲ್ಲಿ ಅವನು ನಿಜವಾಗಿಯೂ ಇರಲಿಲ್ಲ.

ಅವನು ಬಾವಿಗೆ ಹೋಗಿದ್ದ. ಹೆಗಲ ಮೇಲೆ ತುಂಬಿದ ಕೊಡ ಹೊತ್ತು, ಷರಟಿನ ತೋಳನ್ನು ಮೊಣಕೈ ಮೇಲಕ್ಕೆ ಮಡಿಸಿಕೊಂಡು, ಹೆಂಗಸರ ನಡುವೆ ನೇರವಾಗಿ ನಡೆದು ಬಂದ. ತೊಟ್ಟಿಲು, ಚುಕ್ಕಿ, ಹೂಬಳ್ಳಿ ಎಲ್ಲರಿಗೂ ಕಂಡಿತು. ಯಾರೋ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇನ್ಯಾರೋ ಮುಚ್ಚಿಕೊಳ್ಳದೇ ನಕ್ಕರು. ಅವನ ಕಿವಿ ಕೆಂಪಾಗಿತ್ತು, ಆದರೂ ನಿಲ್ಲಲಿಲ್ಲ. ಕೊಡವನ್ನು ಅವ್ವನ ಮುಂದೆ ಇಳಿಸಿದ.

"ಹೊಸ ಕೈ ಬೇಕು, ಹಚ್ಚೆ ಕೈ ಬೇಕು ಅಂತ ತಾನೇ ಅವ್ವ? ಇದು ಎರಡೂ ಹೌದು. ದೇವ್ರ ನೀರು ದಿನಾ ನಾನೇ ತತ್ತೀನಿ. ಒಪ್ಪಿಗೆ ಆದ್ರೆ ಕುಡಿ."

ಭೀಮಕ್ಕ ಮಗನ ಕೈಯನ್ನು ನೋಡಿದಳು. ಯಾರು ಹಾಕಿದ್ದು ಎಂದು ಕೇಳುವ ಮೊದಲೇ ಹುಚ್ಚಕ್ಕ ಎಲೆಅಡಿಕೆ ಉಗಿದು, ನಾನೇ ಕಣವ್ವ, ಯಾವ ಹೆಣ್ಣುಮಗಳೂ ಇಷ್ಟು ಅರಚಿಲ್ಲ ಎಂದಳು. ಈ ಸಲ ಎಲ್ಲರೂ ನಕ್ಕರು, ಭೀಮಕ್ಕನೊಬ್ಬಳನ್ನು ಬಿಟ್ಟು. ಅವಳು ತನ್ನ ಎರಡು ಅಂಗೈಯನ್ನು ಮುಂದೆ ಹಿಡಿದುಕೊಂಡು ಅವನ್ನೇ ನೋಡುತ್ತಿದ್ದಳು.

"ಗೌರನ ಕೈ ಅಮುಕಿ ಹಿಡ್ದಿದ್ದು ಇವೇ. ಬುಡು ಅತ್ತೆ, ಬುಡು ಅತ್ತೆ ಅಂದ್ಲು. ಬುಡ್ಲಿಲ್ಲ ನಾನು."

ನಗು ನಿಂತಿತು. ಆ ಅಂಗೈಗಳನ್ನು ಅವಳು ಮಗನ ಮುಂದೆ ಬೊಗಸೆ ಮಾಡಿ ಚಾಚಿದಳು. ಚಿತ್ತಣ್ಣ ಕೊಡ ಬಗ್ಗಿಸಿದ. ಅವಳು ಕುಡಿದಳು, ಮುಖಕ್ಕೂ ಎರಚಿಕೊಂಡಳು. ಹುಚ್ಚಕ್ಕನಿಗೆ ಸೂಜಿ ಕಟ್ಟಿಕೋ ಎಂದಳು, ಊಟ ಮಾಡಿಕೊಂಡು ಹೋಗು ಎಂದಳು. ಆಮೇಲೆ ಗೋಡೆಗೆ ಒತ್ತಿಕೊಂಡಿದ್ದ ಕರಿಯಕ್ಕನ ಕಂಕುಳಿಂದ ಕೈಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೆನ್ನೆಗೆ ಇಟ್ಟುಕೊಂಡಳು.

ಧಾರೆ ನಡೆಯಿತು. ಬಾವಿಯ ಹತ್ತಿರ ಸೊಸೆಯರ ಸಾಲಿನಲ್ಲಿ ಒಬ್ಬ ಗಂಡಸು ಕೊಡ ಹಿಡಿದು ನಿಲ್ಲುವುದು ಕೆರೆಯಾಚೆಯ ಹಟ್ಟಿಗೆ ಒಂದಷ್ಟು ತಿಂಗಳು ತಮಾಷೆಯಾಯಿತು, ಆಮೇಲೆ ರೂಢಿಯಾಯಿತು. ಚಿತ್ತಣ್ಣ ಮಂಡಿಯ ಕೆಲಸ ಬಿಟ್ಟು ಊರ ಸುತ್ತಲಿನ ತೋಟಗಳಲ್ಲೇ ಕಾಯಿ ಸುಲಿಯತೊಡಗಿದ. ದೇವರ ಕೊಡ ಒಂದು ಬೆಳಿಗ್ಗೆಯೂ ತಪ್ಪುವಂತಿರಲಿಲ್ಲವಲ್ಲ.

ಕಾಂಪೌಂಡರ್ ಹೇಳಿದ ಮೂರು ವಾರ ಕಳೆದು, ಮಳೆಗಾಲ ಬಂದು, ಹೋಗಿ, ಮತ್ತೊಂದು ಬಂದರೂ ಕರಿಯಕ್ಕ ಒಂದು ಅಭ್ಯಾಸ ಬಿಡಲಿಲ್ಲ. ನೀರು ತಂದು ಇಳಿಸಿ ಬಂದವನನ್ನು ಒಲೆಯ ಮುಂದೆ ಕೂರಿಸಿ, ರೊಟ್ಟಿ ಮುರಿದು, ಕೊಡುವ ಮುಂಚೆ ಅವನ ಗಲ್ಲ ಹಿಡಿಯುತ್ತಿದ್ದಳು.

"ಬಾಯಿ ಬುಡು."

ಅವನು ಬಿಡುತ್ತಿದ್ದ, ಎಷ್ಟು ಅಗಲಕ್ಕೆ ಸಾಧ್ಯವೋ ಅಷ್ಟು. ಅವಳು ನೋಡುತ್ತಿದ್ದಳು. ಆಮೇಲೆಯೇ ಮೊದಲ ತುತ್ತು.